ಸೇ ಬರೆಯಬೇಕಾ, ಟೆಲ್ ಬರೆಯಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ಆಫೀಸಿನ ಮೇಲ್ ಬರೆಯುವಾಗ ದಿನಾ ಒಂದೇ ಗೊಂದಲ. ಸೇ, ಟೆಲ್ ಎರಡಕ್ಕೂ ಡಿಕ್ಷನರಿಯಲ್ಲಿ ‘ಹೇಳು’ ಅಂತಲೇ ಇದೆ. ಆದರೂ ‘ಹಿ ಸೆಡ್ ಮಿ’ ತಪ್ಪು ಅಂತಾರೆ. ಅರ್ಥ ಒಂದೇ ಆದ ಮೇಲೆ ತಪ್ಪು ಹೇಗೆ?

ಉತ್ತರ (ಇಂಗ್ಲಿಷ್ ಶಿಕ್ಷಕಿ): ಅರ್ಥ ಹಿಡಿದು ಹೊರಟರೆ ಇಲ್ಲಿ ದಾರಿ ಸಿಗುವುದಿಲ್ಲ. ಪಕ್ಕದಲ್ಲಿ ಏನು ಬರುತ್ತದೆ ಅಂತ ನೋಡಿ. ಟೆಲ್ ಆದ ಕೂಡಲೇ ಕೇಳಿಸಿಕೊಳ್ಳುವವರು ಬರುತ್ತಾರೆ: ‘ಹಿ ಟೋಲ್ಡ್ ಮಿ’. ಸೇ ಆದ ಮೇಲೆ ಆಡಿದ ಮಾತು ಬರುತ್ತದೆ: ‘ಹಿ ಸೆಡ್ ದಟ್ ಹಿ ವಾಸ್ ಬ್ಯುಸಿ’. ಸೇ ಜೊತೆಗೂ ವ್ಯಕ್ತಿ ಬೇಕೇ ಬೇಕು ಅಂದರೆ ನಡುವೆ ಟು ಹಾಕಿ: ‘ಹಿ ಸೆಡ್ ಟು ಮಿ’. ನಮ್ಮ ‘ನನಗೆ’ಯಲ್ಲಿ ‘ಗೆ’ ಅಂಟಿಕೊಂಡೇ ಇರುತ್ತದೆ ನೋಡಿ, ಅದಕ್ಕೇ ಟು ಬಿಟ್ಟುಹೋದರೂ ನಮಗೆ ಏನೂ ಕಮ್ಮಿಯಾದಂತೆ ಅನಿಸುವುದಿಲ್ಲ.

ಇದೇ ಕಾರಣಕ್ಕೆ ‘ನನಗೆ ಹೇಳಿದ್ದರು’ ಅನ್ನಲು ‘ಐ ವಾಸ್ ಟೋಲ್ಡ್’ ಸರಿ, ‘ಐ ವಾಸ್ ಸೆಡ್’ ಇಲ್ಲವೇ ಇಲ್ಲ. ಯಾರಿಗಾದರೂ ಏನಾದರೂ ಮಾಡಲು ಹೇಳುವುದಿದ್ದರೂ ಟೆಲ್: ‘ಟೆಲ್ ಹಿಮ್ ಟು ವೇಟ್’. ಬೋರ್ಡು, ಪತ್ರ, ನೋಟಿಸಿನಲ್ಲಿ ಬರೆದಿರುವುದಕ್ಕೆ ಮಾತ್ರ ಸೇ: ‘ದ ನೋಟಿಸ್ ಸೆಝ್…’. ಅಂದ ಹಾಗೆ ಉಚ್ಚಾರ ಸೆಝ್, ‘ಸೇಸ್’ ಅಲ್ಲ.

ವ್ಯಕ್ತಿ ಇಲ್ಲದೆಯೂ ಟೆಲ್ ಬರುವ ಕೆಲವು ಜೋಡಿಗಳಿವೆ: ಟೆಲ್ ಎ ಲೈ, ಟೆಲ್ ದ ಟ್ರೂತ್, ಟೆಲ್ ಎ ಸ್ಟೋರಿ. ಇವಕ್ಕೆ ಕಾರಣ ಹುಡುಕಬೇಡಿ, ಸುಮ್ನೆ ಬಾಯಿಪಾಠ ಮಾಡಿ.

ಪ್ರಶ್ನೆ: ಹಾಗಾದರೆ ‘ಎಕ್ಸ್‌ಪ್ಲೇನ್ ಮಿ’ ಸರಿ ತಾನೇ? ಎಲ್ಲರೂ ಹಾಗೇ ಅಂತಾರೆ.

ಉತ್ತರ: ಜಾಸ್ತಿ ಜನ ಎಡವುವುದು ಇಲ್ಲೇ. ಎಕ್ಸ್‌ಪ್ಲೇನ್ ನಡೆಯುವುದು ಸೇ ದಾರಿಯಲ್ಲಿ, ಟೆಲ್ ದಾರಿಯಲ್ಲಲ್ಲ. ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಅನ್ನಬೇಕು. ಸಜೆಸ್ಟ್ ಕೂಡ ಹಾಗೇ. ‘ಸಜೆಸ್ಟ್ ಮಿ ಎ ಗುಡ್ ಬುಕ್’ ಬೇಡ, ‘ಸಜೆಸ್ಟ್ ಎ ಗುಡ್ ಬುಕ್’ ಸಾಕು. ಕೇಳುತ್ತಿರುವವರು ನೀವೇ ಅಂತ ಅವರಿಗೆ ಗೊತ್ತಲ್ಲ!

ಇನ್ನೊಬ್ಬರ ಪ್ರಶ್ನೆ: ಸೀ, ಲುಕ್, ವಾಚ್ ಮೂರೂ ನಮಗೆ ‘ನೋಡು’ ತಾನೇ ಮೇಡಂ?

ಉತ್ತರ: ಇಲ್ಲಿ ಮಾತ್ರ ಅರ್ಥ ಸಹಾಯಕ್ಕೆ ಬರುತ್ತದೆ. ತಾನಾಗಿ ಕಣ್ಣಿಗೆ ಬಿದ್ದರೆ ಸೀ. ಬೇಕೆಂದೇ ಕಣ್ಣು ಹಾಯಿಸಿದರೆ ಲುಕ್, ಏನನ್ನು ಅಂತ ಹೇಳುವಾಗ ಜೊತೆಗೆ ಆ್ಯಟ್. ನಡೆಯುತ್ತಿರುವುದನ್ನು ಗಮನವಿಟ್ಟು ನೋಡಿದರೆ ವಾಚ್. ‘ಐ ಲುಕ್ಡ್ ಆ್ಯಟ್ ದ ಸ್ಕೈ, ಬಟ್ ಐ ಸಾ ನಥಿಂಗ್.’ ಕತ್ತೆತ್ತಿ ನೋಡಿದೆ, ಏನೂ ಕಾಣಲಿಲ್ಲ. ‘ನೋಡು’, ‘ಕಾಣು’ ನಮ್ಮಲ್ಲೂ ಬೇರೆ ಬೇರೆ ಇವೆ ಅಲ್ವಾ? ಫೋಟೋ ನೋಡಲು ಲುಕ್ ಆ್ಯಟ್, ಮ್ಯಾಚ್ ನೋಡಲು ವಾಚ್. ಸಿನಿಮಾಗೆ ಸೀ, ವಾಚ್ ಎರಡೂ ನಡೆಯುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಇದು ಸರಿ ಇದೆಯಾ ನೋಡಿ: ‘ಪ್ಲೀಸ್ ಟೆಲ್ ಮಿ ವಾಟ್ ಡಿಡ್ ಹಿ ಸೇ.’

ಉತ್ತರ: ಟೆಲ್, ಸೇ ಎರಡೂ ಸರಿಯಾದ ಜಾಗದಲ್ಲೇ ಕೂತಿವೆ. ಆ ‘ಡಿಡ್’ ಒಂದನ್ನು ತೆಗೆದು, ಕೊನೆಯ ‘ಸೇ’ಯನ್ನು ‘ಸೆಡ್’ ಮಾಡಿಬಿಡಿ: ‘ಪ್ಲೀಸ್ ಟೆಲ್ ಮಿ ವಾಟ್ ಹಿ ಸೆಡ್.’