ಪದಚರ್ಚೆ: 'ಭಾರಯುತ ಕಂಬಳಿ'ಗೆ ನಮ್ಮ ಕಡೆ ಏನನ್ನೋಣ?

ಪ್ರಶ್ನೆ (ಮೈಸೂರು):

ನಮಸ್ಕಾರ. ಆಟಿಸಂ ಇರುವ ಮಕ್ಕಳ ಮನೆಯವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ. ವೆಯ್ಟೆಡ್ ಬ್ಲ್ಯಾಂಕೆಟನ್ನು ಅಜ್ಜಿ–ಮೊಮ್ಮಗಳೋ ತಾಯಿ–ಮಗನೋ ಕೂಡಿ ಮನೆಯಲ್ಲೇ ಹೊಲಿಯುವ ಕ್ರಮ ಅದರಲ್ಲಿ ಬರಬೇಕು. ಮೈಯನ್ನು ಹಗುರವಾಗಿ ಅದುಮಿ ಹಾಯೆನಿಸುವ ಹೊದಿಕೆ ಇದು. ಕರಡಿನಲ್ಲಿ 'ಭಾರಯುತ ಕಂಬಳಿ', ಒಳಗಿನ ಚೌಕಗಳಿಗೆ 'ಜೇಬು', ತುಂಬುವುದಕ್ಕೆ 'ಗಾಜಿನ ಮಣಿ' ಎಂದು ಬರೆದಿದ್ದೇವೆ. ಮಂಡ್ಯ ಕಡೆಯವರಿಗೆ ಇದು ಹಿಡಿಸೀತೇ? 'ಕೌದಿ' ಅಂದರೆ ಆಗದೇ?

ಉತ್ತರ (ಮಂಡ್ಯ):

ಕಂಬಳಿ ಬೇಡ. ಕಂಬಳಿ ಅಂದಮೇಲೆ ಕುರಿಯುಣ್ಣೆ ಇರಬೇಕು. ಇದು ಪೂರ್ತಿ ಹತ್ತಿ. ಉಣ್ಣೆಯದಾದರೆ ಏಪ್ರಿಲ್ ಸೆಕೆಗೆ ಮಗು ಐದು ನಿಮಿಷದಲ್ಲಿ ಒದ್ದು ಹಾಕುತ್ತೆ. ಕೌದಿ ಉತ್ತರದವರ ಮಾತು, ಇಲ್ಲಿ ಬೊಂತೆ ಅಂತೀವಿ. ಎರಡಕ್ಕೂ ಹಳೇ ಸೀರೆ, ಪಂಚೆ ಪದರವಾಗಿ ಹಾಸಿ ಹೊಲಿದದ್ದು ಅಂತಲೇ ಅರ್ಥ. ಆ ಹೆಸರು ಕೊಟ್ಟರೆ ಜನ ಹಳೇ ಸೀರೆಗೇ ತುಂಬಲು ಹೊರಡುತ್ತಾರೆ. ಸವೆದ ನೇಯ್ಗೆಯಲ್ಲಿ ಒಳಗಿನದ್ದೆಲ್ಲ ಸೋರುತ್ತದೆ. ಎರಡು ಬಟ್ಟೆ ಜೋಡಿಸಿದ ಹೊದಿಕೆಗೆ ದುಪ್ಪಟಿ ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. 'ತೂಕದ ದುಪ್ಪಟಿ' ಅನ್ನಿ. 'ಭಾರಯುತ' ಅಂತ ಯಾವ ಅಜ್ಜಿಯೂ ಅನ್ನಲ್ಲ.

'ಜೇಬು' ಕೂಡ ತಪ್ಪು ದಾರಿ ತೋರಿಸುತ್ತೆ. ಜೇಬಿಗೆ ಬಾಯಿ ತೆರೆದಿರುತ್ತೆ, ಇವು ನಾಲ್ಕೂ ಕಡೆ ಮುಚ್ಚಿದ ಚೌಕ. ಚೌಕಾಬಾರದಲ್ಲಿ ಅನ್ನುವ ಹಾಗೆ 'ಮನೆ' ಅನ್ನಿ. ಅಡ್ಡ ಹೊಲಿಗೆ ಬೀಳುವ ಮೊದಲು ಉದ್ದಕ್ಕೆ ಇರುವುದು 'ಸಾಲು'. 'ಗಾಜಿನ ಮಣಿ' ಅಂತ ಅಂಗಡಿಯಲ್ಲಿ ಕೇಳಿದರೆ ಸರಕ್ಕೆ ಪೋಣಿಸುವ ತೂತಿನ ಮಣಿ ಕೊಡುತ್ತಾರೆ. ಇದಕ್ಕೆ ಬೇಕಾದದ್ದು ತೂತಿಲ್ಲದ, ಸುಮಾರು 1 ಮಿಲಿಮೀಟರಿನ ಗುಂಡು ಕಾಳು. 'ಗಾಜಿನ ರವೆ' ಅಂದರೆ ಗಾತ್ರವೂ ಹೇಳಿದ ಹಾಗಾಯಿತು. ರಸ್ತೆ ಪಟ್ಟೆಯ ಬಣ್ಣಕ್ಕೆ ಬೆರೆಸುವ ಗಾಜಿನ ಪುಡಿ ಬೇಡ, ತೀರಾ ನುಣುಪು, ಹೊಲಿಗೆ ತೂತಲ್ಲೇ ಇಳಿದುಹೋಗುತ್ತೆ. ಪ್ಲಾಸ್ಟಿಕ್ ಕಾಳು ಆದೀತು, ಆದರೆ ಅದೇ ತೂಕಕ್ಕೆ ಎರಡೂವರೆ ಪಟ್ಟು ಜಾಗ ತಿಂದು ಮನೆಗಳು ಉಬ್ಬುತ್ತವೆ. ರಾಗಿ, ಅಕ್ಕಿ ಬೇಡವೇ ಬೇಡ: ನುಸಿ ಹಿಡಿಯುತ್ತೆ, ಒಗೆಯಲೂ ಆಗಲ್ಲ.

ಈ ಮಾತುಗಳಲ್ಲಿ ಕ್ರಮ ಹೀಗೆ ಬರೆಯಬಹುದು. ಮೈತೂಕದ ಸುಮಾರು ಹತ್ತನೇ ಒಂದು ಪಾಲು ಅನ್ನುವುದು ರೂಢಿ. 30 ಕಿಲೋ ತೂಗುವ ಮಗುವಿಗೆ 3 ಕಿಲೋ. ಬಟ್ಟೆಯ ತೂಕ ಕಳೆಯುವುದನ್ನು ಎಲ್ಲರೂ ಮರೆಯುತ್ತಾರೆ. ಬಟ್ಟೆ, ಮೇಲಿನ ಗೌಸು ಸೇರಿ 800 ಗ್ರಾಂ ಬಂದರೆ ರವೆಗೆ ಉಳಿಯುವುದು 2,200 ಗ್ರಾಂ. 36 ಇಂಚು ಅಗಲ, 54 ಇಂಚು ಉದ್ದದ ದುಪ್ಪಟಿಯಲ್ಲಿ ನಾಲ್ಕೂವರೆ ಇಂಚಿನ ಮನೆ ಮಾಡಿದರೆ 8 ಸಾಲಿಗೆ 12ರಂತೆ 96 ಮನೆ. ಮನೆಗೆ 23 ಗ್ರಾಂ. ಮನೆ ದೊಡ್ಡದಾದಷ್ಟೂ ರವೆ ಒಂದೇ ಮೂಲೆಗೆ ಜಾರುತ್ತೆ.

ಹಾಸಿಗೆ ಗೌಸಿಗೆ ಬಳಸುವ ಒತ್ತು ನೇಯ್ಗೆಯ ಪಟ್ಟೆ ಬಟ್ಟೆ ಇದಕ್ಕೆ ಹೇಳಿಮಾಡಿಸಿದ್ದು. ಮೊದಲೇ ನೆನೆಸಿ ಒಣಗಿಸಿ, ಆಮೇಲೆ ಸುತ್ತ ಒಂದಿಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಮೂರು ಕಡೆ ಎರಡೆರಡು ಸಲ ಹೊಲಿದು ತಿರುಗಿಸಿ. ಸೀಮೆಸುಣ್ಣದಲ್ಲಿ ಚೌಕ ಗೀಚಿ, ಬಾಯಿಂದ ತಳದವರೆಗೆ ಸಾಲುಗಳನ್ನು ಹೊಲಿಯಿರಿ. ಹೊಲಿಗೆ 2 ಮಿಲಿಮೀಟರಿಗಿಂತ ಬಹಳ ಉದ್ದವಾದರೆ ರವೆ ನುಸುಳುತ್ತೆ.

ಇಲ್ಲಿಂದಾಚೆ ಇಬ್ಬರ ಕೆಲಸ. ಒಬ್ಬರು ತಕ್ಕಡಿಯಲ್ಲಿ 23 ಗ್ರಾಂ ಅಳೆದು ಪ್ರತಿ ಸಾಲಿಗೂ ಸುರಿದು, ಕೊಡವಿ ತಳಕ್ಕಿಳಿಸಿ, ಗೆರೆಯಿಂದ ಒಂದಿಂಚು ಕೆಳಗೆ ಗುಂಡುಪಿನ್ ಚುಚ್ಚಬೇಕು. ಇನ್ನೊಬ್ಬರು ಅಡ್ಡ ಹೊಲಿಗೆ ಹಾಕಬೇಕು. ಸೂಜಿಗೆ ಒಂದು ರವೆ ಸಿಕ್ಕಿದರೂ ಸೂಜಿ ಮುರಿಯುತ್ತೆ, ಗಾಜಿನ ಚೂರು ಬಟ್ಟೆಯೊಳಗೇ ಉಳಿಯುತ್ತೆ. ಹಾಗಾದಲ್ಲಿ ಆ ಮನೆ ಬಿಚ್ಚಿ ಪೂರ್ತಿ ಖಾಲಿ ಮಾಡಿ. ತೇಪೆ ಹಾಕಿ ಮುಂದೆ ಹೋಗಬೇಡಿ. ಅರ್ಧ ತುಂಬಿದ ಮೇಲೆ ಮೇಜಿನಿಂದ ಜೋತ ತೂಕ ಬಟ್ಟೆಯನ್ನು ಎಳೆದು ಹೊಲಿಗೆ ತಪ್ಪಿಸುತ್ತೆ. ಮಿಶಿನ್ನಿನ ಎಡಕ್ಕೆ ಇನ್ನೊಂದು ಮೇಜು ಹಾಕಿ, ತುಂಬಿದ ಭಾಗವನ್ನು ಅದರ ಮೇಲೆ ಮಲಗಿಸಿ. ಕೊನೆಗೆ ಬಾಯಿ ಒಳಮಡಿಸಿ ಎರಡು ಸಲ ಹೊಲಿಯಿರಿ.

ಅಜ್ಜಿಯ ಹಳೇ ಸೀರೆ ಬೇಕೇ ಬೇಕಾದರೆ ಗೌಸು ಅದರಲ್ಲೇ ಆಗಲಿ. ನಾಲ್ಕು ಮೂಲೆಗೂ ಲಾಡಿ ಕಟ್ಟಿದರೆ ಜಾರಲ್ಲ, ಗೌಸು ಮಾತ್ರ ಬಿಚ್ಚಿ ಒಗೆದರೆ ಸಾಕು.

ಮತ್ತೊಂದು ಉತ್ತರ (ಮೈಸೂರು):

'ತೂಕದ ದುಪ್ಪಟಿ', 'ಮನೆ' ಎರಡೂ ಒಪ್ಪಿಗೆ. ಒಂದು ಕ್ರಿಯಾಪದ ಮಾತ್ರ ಗಮನಿಸಿ. ಕರಡಿನಲ್ಲಿ 'ಮಗುವಿಗೆ ಹೊದಿಸಿ' ಎಂದಿದ್ದರೆ 'ಮಗು ಹೊದ್ದುಕೊಳ್ಳಲಿ' ಎಂದು ತಿದ್ದಿ. ತಾನೇ ಎಳೆದು ತೆಗೆಯಲಾರದ ಮಗುವಿಗೆ, ಉಸಿರಾಟದ ತೊಂದರೆ ಇರುವವರಿಗೆ ಇದು ಸಲ್ಲದು. ಮಲಗಿದ ಹಸುಗೂಸಿನ ಮೇಲಾಗಲಿ ಪಕ್ಕದಲ್ಲಾಗಲಿ ಇಂಥದ್ದನ್ನು ಇಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೇ ಹೇಳಿದೆ. 'ನಿದ್ದೆ ಬರಿಸುತ್ತದೆ' ಎಂದೂ ಬರೆಯಬೇಡಿ. ಆಟಿಸಂ ಇರುವ ಮಕ್ಕಳ ಬಗ್ಗೆ 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ನಿದ್ದೆಯ ಅವಧಿ ಹೆಚ್ಚಲಿಲ್ಲ. ಮಕ್ಕಳೂ ಹೆತ್ತವರೂ ಅದನ್ನು ಇಷ್ಟಪಟ್ಟದ್ದಂತೂ ಹೌದು. 'ಹಾಯೆನಿಸಬಹುದು' ಎಂದರೆ ಸಾಕು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ತೋರಿಸುತ್ತಿರುವವರು ರವೆ ಕೊಳ್ಳುವ ಮೊದಲು ತೂಕ ಎಷ್ಟಿರಲಿ ಎಂದು ಅಲ್ಲೇ ಕೇಳಿಕೊಳ್ಳಲಿ.