ಪದಚರ್ಚೆ: ‘ಸ್ವಾಶ್‌ಬಕ್ಲರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಹಳೆಯ ಚಿತ್ರ ತೋರಿಸುತ್ತೇವೆ. ನೋಡಲು ಬಂದವರ ಕೈಗೆ ಒಂದು ಪುಟದ ಕನ್ನಡ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನದು. ಈ ಸಲದ ಚಿತ್ರ 1935ರ ‘ಕ್ಯಾಪ್ಟನ್ ಬ್ಲಡ್’. ಟಿಪ್ಪಣಿಯ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ಇಂಥ ಚಿತ್ರಕ್ಕೂ ಅದರ ನಾಯಕನಿಗೂ ಇಂಗ್ಲಿಷಿನಲ್ಲಿ ‘ಸ್ವಾಶ್‌ಬಕ್ಲರ್’ ಎಂಬ ಒಂದೇ ಹೆಸರು. ನಾನು ‘ಕಡಲ್ಗಳ್ಳರ ಸಾಹಸಮಯ ಚಿತ್ರ’ ಎಂದು ಬರೆದೆ; ಮರುದಿನ ಓದಿ ಹೊಡೆದುಹಾಕಿದೆ. ಎರಡು ಪದಗಳೂ ಒಪ್ಪಲಿಲ್ಲ. ಏಕೆಂದು ತುಸು ವಿಸ್ತಾರವಾಗಿ ಹೇಳುತ್ತೇನೆ, ದಯವಿಟ್ಟು ಓದಿ.

ಮೊದಲು ಮೂಲ ಪದ. ‘ಬಕ್ಲರ್’ ಎಂದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದಾದ ದುಂಡು ಗುರಾಣಿ. ‘ಸ್ವಾಶ್’ ಎಂದರೆ ಸದ್ದಾಗುವಂತೆ ಬಡಿಯುವುದು. ಕತ್ತಿಯಿಂದ ಗುರಾಣಿಯನ್ನು ಬಡಿದು ‘ಯಾರಿದ್ದೀರಿ, ಬನ್ನಿ’ ಎಂದು ಬೀದಿಯಲ್ಲಿ ಗದ್ದಲವೆಬ್ಬಿಸುವವನು ಸ್ವಾಶ್‌ಬಕ್ಲರ್. 16ನೆಯ ಶತಮಾನದಲ್ಲಿ ಅದು ಬೈಗುಳವೇ ಆಗಿತ್ತು: ಪುಂಡ, ಬಡಾಯಿಕೋರ. ಕಾಲಕ್ರಮೇಣ ಕಾದಂಬರಿಗಳೂ ಸಿನಿಮಾಗಳೂ ಅದೇ ಪುಂಡನನ್ನು ನಾಯಕನ ಪೀಠಕ್ಕೆ ಏರಿಸಿದವು.

ನಮ್ಮ ‘ಸಾಹಸ’ ಕೂಡ ಇಂಥದೇ ದಾರಿಯಲ್ಲಿ ನಡೆದು ಬಂದಿದೆ. ಮನುಸ್ಮೃತಿಯ 18 ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯವಿಚಾರಣೆಗೆ ಬರುವ ವ್ಯಾಜ್ಯದ ಬಗೆಗಳಲ್ಲಿ, ಸಾಹಸವೂ ಒಂದು. ಅಲ್ಲಿ ಅದರ ಅರ್ಥ ಬಲಪ್ರಯೋಗದಿಂದ ಎಸಗುವ ಅಪರಾಧ. ಇಂದು ವಿಷ್ಣುವರ್ಧನ್ ಅವರನ್ನು ‘ಸಾಹಸಸಿಂಹ’ ಎಂದು ಅಭಿಮಾನದಿಂದ ಕರೆಯುವ ಯಾರಿಗೂ ಆ ಹಳೆಯ ಅರ್ಥದ ನೆನಪಿಲ್ಲ. ಎರಡು ಭಾಷೆಗಳ ಎರಡು ಬೈಗುಳಗಳು ಬಿರುದುಗಳಾದದ್ದನ್ನು ಕಂಡು ಬಹಳ ಖುಷಿಪಟ್ಟೆ. ಆದರೂ ‘ಸಾಹಸ’ ಇಲ್ಲಿ ಸಾಲದು. ಬೆಟ್ಟ ಹತ್ತುವುದೂ ಸಾಹಸ, ಒಬ್ಬರೇ ಮೂರು ಮಕ್ಕಳನ್ನು ಓದಿಸಿದ್ದೂ ಸಾಹಸ. ಗುರಾಣಿಯ ಸದ್ದು ಅದರಲ್ಲಿ ಕೇಳಿಸುವುದಿಲ್ಲ.

‘ಕಡಲ್ಗಳ್ಳ’ನ ತೊಂದರೆ ಬೇರೆ. ಕಳ್ಳನೆಂದರೆ ಕಣ್ಣು ತಪ್ಪಿಸಿ ಬರುವವನು. ಕಾನೂನಿನ ಪ್ರಕಾರವೂ ಕಳವು, ಸುಲಿಗೆ, ದರೋಡೆ ಬೇರೆ ಬೇರೆ. ಐದು ಅಥವಾ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ ದರೋಡೆ. ಹಾಗೆ ನೋಡಿದರೆ ಹಗಲಿನಲ್ಲೇ ಬಾವುಟ ಹಾರಿಸಿ, ಫಿರಂಗಿ ಹಾರಿಸಿ ಬರುವವನು ಕಡಲ ದರೋಡೆಕೋರ. ಆದರೆ ಸೊಮಾಲಿಯಾದ ಸುದ್ದಿಗಳಿಂದಾಗಿ ‘ಕಡಲ್ಗಳ್ಳ’ ಪತ್ರಿಕೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಅದನ್ನು ಕದಲಿಸುವ ಹಟ ನನಗಿಲ್ಲ.

ನನ್ನ ನಿಜವಾದ ಪ್ರಶ್ನೆ ಇಂಥ ಚಿತ್ರದ ಸೊಗಸು ಇರುವುದು ಎಲ್ಲಿ ಎಂಬುದು. ಅದು ತಿಳಿದರೆ ಪದವೂ ಸಿಕ್ಕೀತು.

2003ರಲ್ಲಿ ಬಂದ ‘ಪೈರೇಟ್ಸ್ ಆಫ್ ದ ಕೆರಿಬಿಯನ್’ ಸರಣಿಯ ಮೊದಲ ಚಿತ್ರದಲ್ಲಿ ಜ್ಯಾಕ್ ಸ್ಪ್ಯಾರೋ ಬರುವ ಬಗೆಯನ್ನು ನೆನಪಿಸಿಕೊಳ್ಳಿ. ಮೊದಲು ಕಾಣುವುದು ಹಾಯಿಕಂಬದ ಮೇಲೆ ಸೊಂಟದ ಮೇಲೆ ಕೈಯಿಟ್ಟು ದಿಗಂತ ನೋಡುತ್ತಾ ನಿಂತ ಮನುಷ್ಯ, ಮೊಳಗುವ ಸಂಗೀತ. ದೊಡ್ಡ ಹಡಗೇ ಇರಬೇಕೆಂದು ನಾವು ತಿಳಿಯುತ್ತೇವೆ. ಕ್ಯಾಮೆರಾ ಹಿಂದೆ ಸರಿದಾಗ ತಿಳಿಯುತ್ತದೆ, ಅದೊಂದು ಪುಟ್ಟ ದೋಣಿ, ಅದಕ್ಕೂ ನೀರು ತುಂಬುತ್ತಿದೆ. ದೋಣಿ ಪೂರ್ತಿ ಮುಳುಗಿ ಕಂಬದ ತುದಿಯಷ್ಟೇ ಉಳಿದಿರುವಾಗ ಅದು ಸರಿಯಾಗಿ ಬಂದರುಕಟ್ಟೆಯ ಮಟ್ಟಕ್ಕೆ ಬರುತ್ತದೆ. ಈತ ಮೆಟ್ಟಿಲಿಳಿದವನಂತೆ ಹಲಗೆಯ ಮೇಲೆ ಹೆಜ್ಜೆಯಿಟ್ಟು ನಡೆದುಹೋಗುತ್ತಾನೆ. ಇನ್ನೂ ಒಂದು ಹೊಡೆತವೂ ಬಿದ್ದಿಲ್ಲ, ನಮಗೆ ಆಗಲೇ ಹಬ್ಬ. ಯಕ್ಷಗಾನದಲ್ಲಿ ತೆರೆಯ ಹಿಂದೆ ಕಾಲು ಕುಣಿದು, ಕಿರೀಟದ ತುದಿ ಕಂಡು, ಆಮೇಲೆ ಮುಖ ತೋರುವ ಒಡ್ಡೋಲಗವನ್ನು ನೋಡಿ ಬೆಳೆದವರಿಗೆ ಈ ಸುಖ ಹೊಸದಲ್ಲ. ಮುಳುಗುವ ದೋಣಿಯಲ್ಲೂ ಒಡ್ಡೋಲಗ ಬಿಡದವನು ಸ್ವಾಶ್‌ಬಕ್ಲರ್.

ಮೂಕಿಚಿತ್ರದ ಕಾಲದಲ್ಲೂ ಹೀಗೆಯೇ. 1926ರ ‘ದ ಬ್ಲ್ಯಾಕ್ ಪೈರೇಟ್’ನಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಎತ್ತರದ ಹಾಯಿಗೆ ಚೂರಿ ಚುಚ್ಚಿ, ಅದರ ಹಿಡಿಗೆ ಜೋತುಬಿದ್ದು, ಬಟ್ಟೆ ಸೀಳುತ್ತಾ ಕೆಳಗೆ ಜಾರುತ್ತಾನೆ. ಇಳಿಯಲು ಹಗ್ಗವಿತ್ತು. ಹಗ್ಗ ಹಿಡಿದು ಇಳಿದಿದ್ದರೆ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ಕನ್ನಡದ ಕೊರತೆ ನನಗೆ ತೋರುವುದು ಇಲ್ಲಿಯೇ. ನಮ್ಮಲ್ಲಿ ವೀರನಿಗೆ ಬೇಕಾದಷ್ಟು ಪದಗಳಿವೆ: ಕಲಿ, ಕಡುಗಲಿ, ಭಟ, ಬಂಟ. ಬಡಾಯಿಗೂ ಬರವಿಲ್ಲ. ಜಂಬವನ್ನಂತೂ ನಾವು ಬರಿದೆ ಆಡುವುದಿಲ್ಲ, ತರಕಾರಿಯಂತೆ ಕೊಚ್ಚುತ್ತೇವೆ. ಆದರೆ ಬಡಾಯಿಯ ಪದಗಳೆಲ್ಲ ಹೇಡಿಯ ಕಡೆಗೆ ವಾಲಿವೆ. ಕಾರಣ ಉತ್ತರಕುಮಾರನೇ ಇರಬೇಕು. ಕುಮಾರವ್ಯಾಸ ಅವನನ್ನು ಹೆಂಗಳೆಯರ ನಡುವೆ ಕೂರಿಸಿ ಮಾತಾಡಿಸಿ, ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿಸಿದ ಮೇಲೆ, ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಮನೆಮಾತಾಯಿತು. ಮಾತಾಡುವವನು ಕಾದಲಾರ, ಕಾದುವವನು ಮಾತಾಡ ಎಂಬುದು ನಮ್ಮ ಪದಕೋಶದೊಳಗೇ ಕೂತ ತೀರ್ಪು. ಮಾತೂ ಆಡಿ, ತೊಡೆಯನ್ನೂ ತಟ್ಟಿ, ಆಡಿದ್ದಕ್ಕಿಂತ ಒಂದು ಕೈ ಮೇಲಾಗಿಯೇ ಮಾಡಿ ತೋರಿಸುವವನಿಗೆ ಏನೆನ್ನಬೇಕು?

ನಾನು ಯೋಚಿಸಿದ್ದು ‘ಮೆರೆಗಲಿ’. ಮೆರೆ, ಕಲಿ, ಕಡುಗಲಿಯಲ್ಲಿ ಆಗುವಂತೆಯೇ ಕಕಾರಕ್ಕೆ ಗಕಾರ. ‘ಮೆರೆ’ಗೆ ಎರಡು ಮುಖಗಳಿರುವುದೇ ನನಗೆ ಹಿಡಿಸಿದ್ದು. ‘ಶೌರ್ಯ ಮೆರೆದ ಯೋಧ’ ಎಂದರೆ ಹೊಗಳಿಕೆ, ‘ಅಧಿಕಾರ ಸಿಕ್ಕಿದ್ದೇ ಮೆರೆದಾಡಿದ’ ಎಂದರೆ ತೆಗಳಿಕೆ. ಸ್ವಾಶ್‌ಬಕ್ಲರ್ ಈ ಎರಡರ ನಡುವಿನ ಹಗ್ಗದ ಮೇಲೆ ನಡೆಯುವವನು. ಮೆರವಣಿಗೆಯೂ ಇದೇ ಮೂಲದ್ದು, ಅದರ ಸದ್ದುಗದ್ದಲವೂ ಪದಕ್ಕೆ ಒದಗಿ ಬರುತ್ತದೆ.

ಇನ್ನು ಕಾಳಗ. ಅದಕ್ಕೆ ಕನ್ನಡ ಇಂಗ್ಲಿಷಿಗಿಂತ ಶ್ರೀಮಂತ ಎಂದು ಧೈರ್ಯವಾಗಿ ಹೇಳುತ್ತೇನೆ. ‘ಕತ್ತಿವರಸೆ’ ಎಂಬುದಕ್ಕಿಂತ ಸರಿಯಾದ ಪದ ಯಾವುದಿದೆ? ವರಸೆ ಎಂದರೆ ಕ್ರಮ, ಸಾಲು. ಸಂಗೀತ ಕಲಿಯುವ ಮಗು ಹಾಡುವ ಸರಳೆ ವರಸೆ, ಜಂಟಿ ವರಸೆಗಳಲ್ಲಿ ಇರುವುದೂ ಇದೇ. ತೆರೆಯ ಮೇಲಿನ ಕತ್ತಿಕಾಳಗ ಹಾಗೆಯೇ ಮೊದಲೇ ಕಲಿತು ಒಪ್ಪಿಸುವ ಪಾಠ. ಯಾವ ಹೊಡೆತಕ್ಕೆ ಯಾವ ತಡೆ ಎಂಬುದು ಇಬ್ಬರಿಗೂ ಬಾಯಿಪಾಠ. ‘ಕ್ಯಾಪ್ಟನ್ ಬ್ಲಡ್’ನ ಕಡಲದಂಡೆಯ ಕಾಳಗವನ್ನು ಕೂಡಿಸಿದವರು ಬೆಲ್ಜಿಯಂ ಮೂಲದ ಕತ್ತಿವರಸೆಯ ಗುರು ಫ್ರೆಡ್ ಕೇವನ್ಸ್. ಎರಲ್ ಫ್ಲಿನ್ ಮತ್ತು ಬೇಸಿಲ್ ರಾಥ್‌ಬೋನ್ ಬಂಡೆಗಳ ಮೇಲೆ ಹತ್ತಿ ಇಳಿದು ಕಾದುತ್ತಾರೆ. ಕೊನೆಗೆ ರಾಥ್‌ಬೋನ್ ಬಿದ್ದಾಗ ಅಲೆಯೊಂದು ಬಂದು ಅವನ ಮೇಲೆ ಹಾಯ್ದುಹೋಗುತ್ತದೆ. ಪ್ರತಿ ಬೀಸೂ ಕಣ್ಣಿಗೆ ನಿಚ್ಚಳ. ಕತ್ತಿ ಎಲ್ಲಿಂದ ಹೊರಟಿತು, ಎಲ್ಲಿ ತಡೆಯಿತು ಎಂದು ಕಾಣದಿದ್ದರೆ ಅದು ಬರಿಯ ಹೊಡೆದಾಟ, ವರಸೆಯಲ್ಲ. ಈಚಿನ ಎಷ್ಟೋ ಚಿತ್ರಗಳಲ್ಲಿ ಅರ್ಧ ಸೆಕೆಂಡಿಗೊಮ್ಮೆ ದೃಶ್ಯ ಕತ್ತರಿಸಿ ವರಸೆಯನ್ನೇ ಕೊಂದುಬಿಡುತ್ತಾರೆ. ನನಗೆ ಅದು ನೋವಿನ ಸಂಗತಿ. 1952ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಕತ್ತಿವರಸೆಯಲ್ಲಿ ಸ್ಪರ್ಧಿಸಿದ ಬಾಬ್ ಆ್ಯಂಡರ್ಸನ್ ಆಗ ಫ್ಲಿನ್ ಜೊತೆಗೂ ಕೆಲಸ ಮಾಡಿದರು, ಐವತ್ತು ವರ್ಷದ ಬಳಿಕ ಜ್ಯಾಕ್ ಸ್ಪ್ಯಾರೋನ ಚಿತ್ರಕ್ಕೂ ದುಡಿದರು. ವಿದ್ಯೆ ಹೀಗೆ ಕೈಯಿಂದ ಕೈಗೆ ದಾಟಿದೆ.

ಕಥೆಯ ಮಾತು ಬಂದರೆ, ದರೋಡೆಕೋರನನ್ನು ನಾವು ಮೆಚ್ಚುವುದಕ್ಕೆ ಅವನಿಗೆ ಮೊದಲು ಅನ್ಯಾಯವಾಗಿರಬೇಕು. ನಮ್ಮ ಚಿತ್ರದ ನಾಯಕ ಪೀಟರ್ ಬ್ಲಡ್ ವೈದ್ಯ. ಇಂಗ್ಲೆಂಡಿನ ದೊರೆಯ ವಿರುದ್ಧ ಎದ್ದ 1685ರ ಮನ್ಮತ್ ದಂಗೆಯಲ್ಲಿ ಗಾಯಗೊಂಡವನಿಗೆ ಚಿಕಿತ್ಸೆ ಕೊಟ್ಟ ತಪ್ಪಿಗೆ ಅವನನ್ನು ಗುಲಾಮನಾಗಿ ಜಮೈಕಾದ ಪೋರ್ಟ್ ರಾಯಲ್‌ಗೆ ಸಾಗಿಸುತ್ತಾರೆ. ಅಲ್ಲಿಂದ ಮುಂದೆ ಅವನು ಏನು ದೋಚಿದರೂ ನಮ್ಮ ಮನಸ್ಸು ಅವನ ಕಡೆಗೇ.

ಬಳಗದಲ್ಲಿ ಕರಾವಳಿಯವರಿಗೆ ಒಂದು ವಿಶೇಷ ಕೋರಿಕೆ. 1ನೆಯ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಈಗಿನ ಕೇರಳದಲ್ಲಿದ್ದ ಮುಜಿರಿಸ್ ಬಂದರಿನ ವಿಷಯ ಬರೆಯುತ್ತಾ, ಹತ್ತಿರದ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರ ಕಾಟವಿದೆ ಎನ್ನುತ್ತಾನೆ. ಆ ಜಾಗ ನೇತ್ರಾಣಿ ದ್ವೀಪವೆಂದೋ ನೇತ್ರಾವತಿಯ ಅಳಿವೆಯೆಂದೋ ಹೇಳುವ ವಿದ್ವಾಂಸರಿದ್ದಾರೆ. ಅಷ್ಟು ಹಳೆಯ ನಂಟಿರುವ ದಂಡೆಯಲ್ಲಿ, ದೋಣಿ ಅಡ್ಡಗಟ್ಟಿ ದೋಚುವವನಿಗೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಮೀನುಗಾರರ ಮನೆಮಾತಿನಲ್ಲಿ, ಪಾಡ್ದನಗಳಲ್ಲಿ, ತಾಳಮದ್ದಲೆಯ ಮಾತಿನಲ್ಲಿ ಕೇಳಿದ ಪದವಿದ್ದರೆ ತಿಳಿಸಿ.

ಉಳಿದವರು ‘ಮೆರೆಗಲಿ’ ಕಿವಿಗೆ ಹೇಗೆ ಕೇಳುತ್ತದೆ, ‘ಮೆರೆಗಲಿಯ ಚಿತ್ರ’ ಎಂದರೆ ಹತ್ತನೆಯ ತರಗತಿಯ ಹುಡುಗನಿಗೆ ವಿವರಣೆಯಿಲ್ಲದೆ ಅರ್ಥವಾದೀತೇ ಎಂದು ಬರೆಯಿರಿ. ಟಿಪ್ಪಣಿ ಗುರುವಾರ ಮುದ್ರಣಕ್ಕೆ ಹೋಗಬೇಕು. ಅಷ್ಟರಲ್ಲಿ ಇದಕ್ಕಿಂತ ಒಳ್ಳೆಯ ಪದ ಬಂದರೆ ನನ್ನದನ್ನು ಸಂತೋಷದಿಂದ ಅಳಿಸಿ ಅದನ್ನೇ ಬರೆಯುತ್ತೇನೆ.