ಮನೆಯ ಲ್ಯಾಪ್‌ಟಾಪಿಗೂ ಸಣ್ಣ ಜಾಲತಾಣಕ್ಕೂ ಯಾವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಬೇಕು?

ಪ್ರಶ್ನೆ: ಮಿಡಿಮನೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಹತ್ತಿರದ ಹಳ್ಳಿಯವಳು. ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಬೆಳಿಗ್ಗೆ ಅಪ್ಪಯ್ಯ ಅದರಲ್ಲಿ ಪತ್ರಿಕೆಗಳನ್ನು ಓದುತ್ತಾರೆ, ಬ್ಯಾಂಕಿನ ಖಾತೆಯನ್ನು ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಅದೇ ಯಂತ್ರದಲ್ಲಿ ನಾನು ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಲತಾಣದ ಕೆಲಸ ಮಾಡುತ್ತೇನೆ.

ಒಂದು ತಿಂಗಳಿಂದ ಎರಡು ತೊಂದರೆಗಳು ಕಾಡುತ್ತಿವೆ. ಮೊದಲನೆಯದು, ಕ್ರೋಮಿನಲ್ಲಿ ಏನನ್ನಾದರೂ ಹುಡುಕಿದರೆ ಗುರುತಿಲ್ಲದ ಯಾವುದೋ ಪುಟದ ಮೂಲಕ ಹಾದು ಫಲಿತಾಂಶ ಬರುತ್ತದೆ. ತೆರೆಯ ಬಲ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಸೂಚನೆ ಗಂಟೆಗೊಮ್ಮೆ ಏಳುತ್ತದೆ. ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳ, ಪಟ್ಟಿ ತೆರೆದು ನೋಡಿದರೆ ಅಲ್ಲಿ 11 ಇದ್ದವು. ಅವುಗಳಲ್ಲಿ ನಾನು ಹಾಕಿದ್ದು ಎರಡೇ. ಉಳಿದವುಗಳನ್ನು ಪಿಡಿಎಫ್ ತೆರೆಯುವಾಗಲೋ ಪಂಚಾಂಗ ಇಳಿಸಿಕೊಳ್ಳುವಾಗಲೋ ಅಪ್ಪಯ್ಯ ‘ಸರಿ’ ಎಂದು ಒತ್ತಿರಬೇಕು. ಎರಡನೆಯದು, ನಮ್ಮ ತಾಣದ ಶೀರ್ಷಿಕೆಯಲ್ಲಿರುವ ‘ಉಪ್ಪಿನಕಾಯಿ’ ಎಂಬ ಪದ ‘ಉಪಿನಕಾಯಿ’ ಎಂದು ಕಾಣುತ್ತಿದೆ ಎಂದು ಇಬ್ಬರು ಗ್ರಾಹಕರು ಫೋನ್ ಮಾಡಿ ತಿಳಿಸಿದರು. ನನ್ನ ತೆರೆಯ ಮೇಲೆ ಅದು ಸರಿಯಾಗಿಯೇ ಇದೆ.

ದಿನಬಳಕೆಗೆ ನಿಜವಾಗಿ ಉಪಯೋಗವಾಗುವ ಎಕ್ಸ್‌ಟೆನ್ಷನ್‌ಗಳು ಯಾವುವು, ತಾಣ ನಡೆಸುವವರಿಗೆ ಬೇಕಾದವು ಯಾವುವು ಎಂದು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ. ಅಗತ್ಯವಿದ್ದರೆ ಫೈರ್‌ಫಾಕ್ಸಿಗೆ ಬದಲಾಯಿಸಲು ಸಿದ್ಧಳಿದ್ದೇನೆ.

ಉತ್ತರ: ತುಂಗಾತೀರ

ಹೊಸದನ್ನು ಹಾಕುವ ಮೊದಲು ಇರುವುದನ್ನು ತೆಗೆಯಿರಿ ಅಕ್ಕ. ಆ 11ರಲ್ಲಿ ನೀವು ಹಾಕಿದ ಎರಡನ್ನು ಬಿಟ್ಟು ಉಳಿದ ಒಂಬತ್ತನ್ನೂ ಈಗಲೇ ಅಳಿಸಿ. ಒಂದೊಂದನ್ನೂ ಪರಿಶೀಲಿಸಿ ನಿರ್ಧರಿಸುವ ಶ್ರಮ ಬೇಡ. ನಿಜವಾಗಿ ಬೇಕಾದದ್ದು ಇದ್ದರೆ ಅಪ್ಪಯ್ಯನವರೇ ಎರಡು ದಿನದಲ್ಲಿ ಕೇಳುತ್ತಾರೆ. ನಂತರ ಸೆಟ್ಟಿಂಗ್ಸ್‌ನಲ್ಲಿ ಹುಡುಕು ಯಂತ್ರ ಯಾವುದೆಂದು ನೋಡಿ ಸರಿಪಡಿಸಿ. ಮೂಲೆಯಲ್ಲಿ ಏಳುವ ವೈರಸ್ ಸೂಚನೆ ಬಹುತೇಕ ಎಕ್ಸ್‌ಟೆನ್ಷನ್‌ನ ಕೆಲಸವಲ್ಲ, ವೈರಸ್ಸಂತೂ ಅಲ್ಲ. ಯಾವುದೋ ತಾಣ ‘ಸೂಚನೆ ಕಳಿಸಲೇ?’ ಎಂದು ಕೇಳಿದಾಗ ಒಪ್ಪಿಗೆ ಕೊಟ್ಟದ್ದರ ಫಲ ಅದು. ಸೆಟ್ಟಿಂಗ್ಸ್‌ನ ತಾಣ ಅನುಮತಿಗಳ ಭಾಗದಲ್ಲಿ ನೋಟಿಫಿಕೇಶನ್ಸ್ ತೆರೆದು, ಅಲ್ಲಿ ಒಪ್ಪಿಗೆ ಪಡೆದಿರುವ ಅಪರಿಚಿತ ತಾಣಗಳನ್ನು ತೆಗೆದುಹಾಕಿದರೆ ಅದು ನಿಲ್ಲುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದು ಹೇಳುತ್ತೇನೆ. ಎಕ್ಸ್‌ಟೆನ್ಷನ್ ಹಾಕುವಾಗ ‘ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಬಲ್ಲದು ಮತ್ತು ಬದಲಾಯಿಸಬಲ್ಲದು’ ಎಂಬ ಸಾಲೊಂದು ಬರುತ್ತದೆ. ಆ ಸಾಲಿನ ಅರ್ಥ ಅಕ್ಷರಶಃ ಅದೇ: ಬ್ಯಾಂಕಿನ ಪುಟದಲ್ಲಿ ಕಾಣುವ ಶಿಲ್ಕನ್ನೂ, ನೀವು ಟೈಪು ಮಾಡುವ ಪಾಸ್‌ವರ್ಡನ್ನೂ ಅದು ಓದಬಲ್ಲದು. ಇಂದು ಒಳ್ಳೆಯದಾಗಿರುವ ಎಕ್ಸ್‌ಟೆನ್ಷನ್ ನಾಳೆಯೂ ಒಳ್ಳೆಯದಾಗಿರುತ್ತದೆ ಎಂಬ ಭರವಸೆ ಇಲ್ಲ. ಬಳಸದ ಟ್ಯಾಬ್‌ಗಳನ್ನು ಮಲಗಿಸಿಡುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ 20 ಲಕ್ಷಕ್ಕೂ ಹೆಚ್ಚು ಜನ ನೆಚ್ಚಿಕೊಂಡಿದ್ದ ಎಕ್ಸ್‌ಟೆನ್ಷನ್. 2020ರಲ್ಲಿ ಅದನ್ನು ಬರೆದವರು ಅದನ್ನು ಬೇರೆಯವರಿಗೆ ಮಾರಿದರು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಕೆಡುಕಿನ ತಂತ್ರಾಂಶವಿದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಮಾರಾಟವೇ ಆಗಬೇಕೆಂದೂ ಇಲ್ಲ. ಭದ್ರತೆಯ ಕೆಲಸವನ್ನೇ ಮಾಡುವ ಸೈಬರ್‌ಹೇವನ್ ಎಂಬ ಕಂಪನಿಯ ನೌಕರರೊಬ್ಬರು 2024ರ ಡಿಸೆಂಬರಿನಲ್ಲಿ ಒಂದು ಮೋಸದ ಇಮೇಲನ್ನು ನಂಬಿದ್ದರಿಂದ, ಆ ಕಂಪನಿಯ ಎಕ್ಸ್‌ಟೆನ್ಷನ್‌ನ ಕಳ್ಳ ಆವೃತ್ತಿಯೊಂದು ಕ್ರಿಸ್‌ಮಸ್ ರಜೆಯ ಹೊತ್ತಿನಲ್ಲಿ ಬಳಕೆದಾರರ ಬ್ರೌಸರುಗಳಿಗೆ ತಾನಾಗಿ ಇಳಿಯಿತು. ಎಕ್ಸ್‌ಟೆನ್ಷನ್‌ಗಳು ನಮ್ಮನ್ನು ಕೇಳದೆಯೇ ನವೀಕರಣಗೊಳ್ಳುತ್ತವೆ ಎಂಬುದನ್ನು ಮರೆಯಬಾರದು. ಅಂದಹಾಗೆ, ಟ್ಯಾಬ್ ಮಲಗಿಸುವ ಸೌಲಭ್ಯ ಈಗ ಕ್ರೋಮಿನೊಳಗೇ ಮೆಮೊರಿ ಸೇವರ್ ಎಂಬ ಹೆಸರಿನಲ್ಲಿದೆ. ಬ್ರೌಸರೇ ಮಾಡುವ ಕೆಲಸಕ್ಕೆ ಎಕ್ಸ್‌ಟೆನ್ಷನ್ ಹಾಕುವುದು ಅನಗತ್ಯ ಅಪಾಯ.

ಹಾಗಾದರೆ ಹಾಕಬೇಕಾದದ್ದು ಏನು? ಮನೆಬಳಕೆಗೆ ನನ್ನ ಲೆಕ್ಕದಲ್ಲಿ ಎರಡು ಸಾಕು.

ಒಂದು, ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಎಂಬವರು 2014ರಿಂದ ಬರೆಯುತ್ತ ಬಂದಿರುವ, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದಾದ ತಂತ್ರಾಂಶ ಇದು. ಇದಕ್ಕಾಗಿ ಅವರು ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ಜಾಹೀರಾತುಗಳ ಜೊತೆಗೆ, ‘ಡೌನ್‌ಲೋಡ್’ ಎಂದು ದೊಡ್ಡದಾಗಿ ಬರೆದ ಹುಸಿ ಗುಂಡಿಗಳನ್ನೂ ಇದು ಬಹುಮಟ್ಟಿಗೆ ತಡೆಯುತ್ತದೆ. ಅಪ್ಪಯ್ಯನವರಂತಹ ಹಿರಿಯರಿಗೆ ಇದರಿಂದ ಆಗುವ ದೊಡ್ಡ ಉಪಕಾರ ಅದೇ. ಕ್ರೋಮ್ ತನ್ನ ಹಳೆಯ ಎಕ್ಸ್‌ಟೆನ್ಷನ್ ವ್ಯವಸ್ಥೆಯನ್ನು ಕೈಬಿಟ್ಟದ್ದರಿಂದ ಪೂರ್ಣ ಯುಬ್ಲಾಕ್ ಒರಿಜಿನ್ ಅಲ್ಲಿ ಈಗ ನಡೆಯುವುದಿಲ್ಲ. ಅದೇ ಲೇಖಕರ ‘ಯುಬ್ಲಾಕ್ ಒರಿಜಿನ್ ಲೈಟ್’ ನಡೆಯುತ್ತದೆ. ಫೈರ್‌ಫಾಕ್ಸಿನಲ್ಲಿ ಪೂರ್ಣ ಆವೃತ್ತಿಯೇ ಲಭ್ಯ. ಬರೀ ‘ಯುಬ್ಲಾಕ್’ ಎಂಬ ಹೆಸರಿನದು ಬೇರೆಯವರದು, ಅದರಿಂದ ದೂರವಿರಿ.

ಎರಡು, ಪಾಸ್‌ವರ್ಡುಗಳನ್ನು ಕಾಪಾಡುವ ಬಿಟ್‌ವಾರ್ಡನ್. ಪಾಸ್‌ವರ್ಡು ನೆನಪಿಟ್ಟುಕೊಳ್ಳುವುದು ಇದರ ಅರ್ಧ ಉಪಯೋಗ ಮಾತ್ರ. ಯಾವ ವಿಳಾಸಕ್ಕೆ ಪಾಸ್‌ವರ್ಡು ಉಳಿಸಿದ್ದೀರೋ ಆ ವಿಳಾಸದ ಪುಟದಲ್ಲಿ ಮಾತ್ರ ಅದನ್ನು ತುಂಬಲು ಇದು ಮುಂದಾಗುತ್ತದೆ. ಬ್ಯಾಂಕಿನ ಪುಟವನ್ನೇ ಹೋಲುವ ಮೋಸದ ಪುಟ ಮನುಷ್ಯರ ಕಣ್ಣಿಗೆ ಮಣ್ಣೆರಚಬಹುದು, ಆದರೆ ವಿಳಾಸದಲ್ಲಿ ಒಂದಕ್ಷರ ಬೇರೆಯಾಗಿದ್ದರೂ ಬಿಟ್‌ವಾರ್ಡನ್ ಸುಮ್ಮನಿರುತ್ತದೆ. ಅದು ಸುಮ್ಮನಿದ್ದಾಗ ನೀವೂ ಕೈ ತಡೆದು ವಿಳಾಸ ಓದಬೇಕು. ಇಲ್ಲಿ ನಮ್ಮ ದೇಶದ್ದೇ ಒಂದು ವಿಶೇಷವಿದೆ: ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕಿತ್ತು. ಹಳೆಯ ವಿಳಾಸದಲ್ಲಿ ಉಳಿಸಿದ ಪಾಸ್‌ವರ್ಡು ಹೊಸ ವಿಳಾಸದಲ್ಲಿ ತಾನಾಗಿ ಬರದಿರಬಹುದು. ಆಗ ಇಮೇಲಿನಲ್ಲಿ ಬಂದ ಕೊಂಡಿಯನ್ನು ನಂಬದೆ, ಶಾಖೆಯಲ್ಲಿ ಕೇಳಿ ಹೊಸ ವಿಳಾಸವನ್ನು ಒಮ್ಮೆ ಕೈಯಾರೆ ಸೇರಿಸಿಕೊಳ್ಳಿ.

ಉತ್ತರ: ಅಕ್ಷರಬಳ್ಳಿ

ತುಂಗಾತೀರ ಅವರು ಮನೆಬಳಕೆಯ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಕನ್ನಡ ತಾಣಗಳನ್ನು ಕಟ್ಟುವುದೇ ನನ್ನ ವೃತ್ತಿಯಾದ್ದರಿಂದ ನಿಮ್ಮ ಎರಡನೆಯ ತೊಂದರೆಯ ಬಗ್ಗೆ ವಿವರವಾಗಿ ಬರೆಯುತ್ತೇನೆ, ಮೇಡಂ.

‘ಉಪ್ಪಿನಕಾಯಿ’ ಎಂಬುದರ ಪ ಒತ್ತು ಮಾಯವಾಗಿಲ್ಲ, ಕತ್ತರಿಸಿಹೋಗಿದೆ. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದಷ್ಟೇ ಇಟ್ಟಿರುತ್ತಾರೆ. ಪೆಟ್ಟಿಗೆಯಿಂದ ಹೊರಬಂದದ್ದನ್ನು ಮರೆಮಾಡು ಎಂದೂ ಬರೆದಿರುತ್ತಾರೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಪೆಟ್ಟಿಗೆಯ ಅಂಚು ಅದನ್ನು ಕತ್ತರಿಸುತ್ತದೆ. ನಿಮ್ಮ ತೆರೆಯ ಮೇಲೆ ಸರಿಯಾಗಿ ಕಾಣುವುದಕ್ಕೂ ಕಾರಣವಿದೆ. ವಿನ್ಯಾಸದಲ್ಲಿ ಹೆಸರಿಸಿದ ಅಕ್ಷರಶೈಲಿಯಲ್ಲಿ ಕನ್ನಡವೇ ಇಲ್ಲದಿದ್ದರೆ ಬ್ರೌಸರು ಆಯಾ ಯಂತ್ರದಲ್ಲಿರುವ ಕನ್ನಡ ಅಕ್ಷರಶೈಲಿಯನ್ನು ತೆಗೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ನಿರ್ಮಲಾ, ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ನೋಟೋ. ಎರಡರಲ್ಲೂ ಒತ್ತು ಇಳಿಯುವ ಆಳ ಒಂದೇ ಆಗಿರುವುದಿಲ್ಲ.

ಇದನ್ನು ಪರೀಕ್ಷಿಸಲು ಸ್ಟೈಲಸ್ ಎಂಬ ಎಕ್ಸ್‌ಟೆನ್ಷನ್ ಅನುಕೂಲ. ತಾಣವನ್ನು ಮುಟ್ಟದೆ, ನಿಮ್ಮ ಬ್ರೌಸರಿನಲ್ಲಿ ಮಾತ್ರ ವಿನ್ಯಾಸವನ್ನು ಬದಲಿಸಿ ನೋಡಲು ಅದು ಬಿಡುತ್ತದೆ. ಮೊದಲು ನೋಟೋ ಸಾನ್ಸ್ ಕನ್ನಡವನ್ನು ಲ್ಯಾಪ್‌ಟಾಪಿಗೆ ಇಳಿಸಿ, ಶೀರ್ಷಿಕೆಗೆ ಅದನ್ನೇ ಹಾಕಿ ಗ್ರಾಹಕರು ಕಂಡದ್ದನ್ನು ನೀವೂ ಕಾಣಿರಿ. ಬಳಿಕ ಸಾಲಿನ ಎತ್ತರವನ್ನು 1ರಿಂದ 1.6ಕ್ಕೆ ಏರಿಸಿ. ಒತ್ತು ಪೂರ್ತಿಯಾಗಿ ಕಂಡರೆ ಅದೇ ಅಂಕಿಯನ್ನು ತಾಣದ ವಿನ್ಯಾಸದಲ್ಲಿ ಬರೆಯಿರಿ. ಗುಂಡಿಗಳಲ್ಲಿ ಅಕ್ಷರಗಳ ನಡುವೆ ಹೆಚ್ಚುವರಿ ಜಾಗ ಕೊಟ್ಟಿದ್ದರೆ ಅದನ್ನು ಸೊನ್ನೆ ಮಾಡಿ. ಆ ಅಲಂಕಾರ ಕನ್ನಡಕ್ಕೆ ಒಗ್ಗುವುದಿಲ್ಲ. ಹೆಸರಿನ ಬಗ್ಗೆ ಇಲ್ಲಿಯೂ ಎಚ್ಚರವಿರಲಿ. ಇದೇ ಕೆಲಸದ ಹಳೆಯ ಎಕ್ಸ್‌ಟೆನ್ಷನ್ ಸ್ಟೈಲಿಶ್ ಬಳಕೆದಾರರ ಜಾಲ ಇತಿಹಾಸವನ್ನು ಸಂಗ್ರಹಿಸುತ್ತಿದೆಯೆಂದು 2018ರಲ್ಲಿ ಬಯಲಾಗಿತ್ತು. ನಾನು ಹೇಳುತ್ತಿರುವುದು ಸ್ಟೈಲಸ್.

ತಾಣದ ಒಡತಿಯಾಗಿ ನೀವು ಹಾಕಲೇಬೇಕಾದದ್ದು ವೇವ್. ವೆಬ್‌ಏಮ್ ಸಂಸ್ಥೆಯ ಈ ಎಕ್ಸ್‌ಟೆನ್ಷನ್, ದೃಷ್ಟಿದೋಷವಿರುವವರಿಗೆ ನಿಮ್ಮ ಪುಟ ಎಷ್ಟು ಎಟುಕುತ್ತದೆ ಎಂದು ಪುಟದ ಮೇಲೆಯೇ ಗುರುತು ಹಾಕಿ ತೋರಿಸುತ್ತದೆ: ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಅರ್ಜಿಖಾನೆ, ಹಿನ್ನೆಲೆಯಲ್ಲಿ ಕರಗಿಹೋದ ಅಕ್ಷರ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸವಿರಬೇಕೆಂಬುದು ಅಂತಾರಾಷ್ಟ್ರೀಯ ಮಾನದಂಡ. ಪರೀಕ್ಷೆ ನಿಮ್ಮ ಬ್ರೌಸರಿನೊಳಗೇ ನಡೆಯುವುದರಿಂದ ಇನ್ನೂ ಪ್ರಕಟಿಸದ ಪುಟವನ್ನೂ ಪರೀಕ್ಷಿಸಬಹುದು.

ಆದರೆ ವೇವ್ ಹಿಡಿಯದ ಒಂದು ತಪ್ಪು ಕನ್ನಡ ತಾಣಗಳಲ್ಲಿ ಪದೇ ಪದೇ ಕಾಣುತ್ತದೆ. ಪುಟದ ಭಾಷೆ ಯಾವುದೆಂದು ಮೊದಲ ಸಾಲುಗಳಲ್ಲಿ ತಿಳಿಸುವ ಗುರುತು ಇಲ್ಲದಿದ್ದರೆ ಅದು ದೂರುತ್ತದೆ. ಇದ್ದೂ ತಪ್ಪಾಗಿದ್ದರೆ ಸುಮ್ಮನಿರುತ್ತದೆ. ಸಿದ್ಧ ವಿನ್ಯಾಸಗಳಲ್ಲಿ ಅದು ಇಂಗ್ಲಿಷ್ ಎಂದೇ ಇರುತ್ತದೆ. ತೆರೆಯ ಮೇಲಿರುವುದನ್ನು ದೃಷ್ಟಿದೋಷವಿರುವವರಿಗೆ ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂತಹ ತೆರೆಯೋದುಗ ತಂತ್ರಾಂಶಗಳು ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ನಿರ್ಧರಿಸಲು ಆ ಗುರುತನ್ನೇ ನೋಡುತ್ತವೆ. ನಿಮ್ಮ ಪುಟದ ಮೂಲವನ್ನು ತೆರೆದು ಅಲ್ಲಿ ಕನ್ನಡ ಎಂದು ಇದೆಯೇ ನೋಡಿ, ಇಲ್ಲದಿದ್ದರೆ ನಿಮ್ಮ ತಾಣದ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಬದಲಿಸಿ.

ವೇಗ ಅಳೆಯಲು ಯಾವ ಎಕ್ಸ್‌ಟೆನ್ಷನ್ನೂ ಬೇಡ. ಕ್ರೋಮಿನಲ್ಲಿ ಎಫ್12 ಒತ್ತಿದರೆ ತೆರೆಯುವ ಉಪಕರಣಗಳಲ್ಲಿ ಲೈಟ್‌ಹೌಸ್ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಹಾಕಿರುವ ಗುರಿ. ಉಪ್ಪಿನಕಾಯಿ ಭರಣಿಯ ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಹಾಕಿದ್ದರೆ ಆ ಗುರಿ ತಪ್ಪುವುದು ಖಚಿತ. ಈ ಪರೀಕ್ಷೆಯನ್ನು ಅಜ್ಞಾತ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೊದಲ್ಲಿ ಮಾಡಿ. ಅಲ್ಲಿ ನೀವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳು ನಡೆಯುವುದಿಲ್ಲವಾದ್ದರಿಂದ ಅವು ಫಲಿತಾಂಶವನ್ನು ಕೆಡಿಸುವುದಿಲ್ಲ. ಹಬ್ಬದ ರಿಯಾಯಿತಿಯ ಪಟ್ಟಿಯೊಂದು ತಾಣದಲ್ಲಿ ಕಾಣುತ್ತಿಲ್ಲವೆಂದು ನಾನು ಒಮ್ಮೆ ಅರ್ಧ ದಿನ ಸಂಕೇತ ತಡಕಾಡಿದ್ದೆ. ಪಟ್ಟಿಗೆ ನಾನಿಟ್ಟ ಹೆಸರನ್ನು ನೋಡಿ ನನ್ನದೇ ಜಾಹೀರಾತು ತಡೆ ಅದನ್ನು ಮರೆಮಾಡಿತ್ತು.

ಉತ್ತರ: ಜಿಲ್ಲಾ ವರದಿಗಾರ

ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಜಾಹೀರಾತು ತಡೆಯನ್ನು ಹಾಕಿ ಮರೆತುಬಿಡಿ ಎಂಬಂತೆ ಸಲಹೆ ಕೊಡುವುದು ಸರಿಯಲ್ಲ. ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಡಿಕೆ ಧಾರಣೆಯನ್ನೂ ಗ್ರಾಮ ಪಂಚಾಯಿತಿಯ ಸುದ್ದಿಯನ್ನೂ ಪ್ರತಿದಿನ ಹಾಕುವ ನಮ್ಮ ತಾಣಕ್ಕೆ ಚಂದಾದಾರರಿಲ್ಲ, ಜಾಹೀರಾತೇ ಆಧಾರ. ಅಪ್ಪಯ್ಯನವರು ದಿನವೂ ಓದುವ, ಅಸಭ್ಯ ಜಾಹೀರಾತು ಹಾಕದ ಪತ್ರಿಕೆಗಳಿಗಾದರೂ ತಡೆಯನ್ನು ತೆರವು ಮಾಡಿ. ಯುಬ್ಲಾಕ್ ಒರಿಜಿನ್‌ನ ಚಿಹ್ನೆಯನ್ನು ಒತ್ತಿದಾಗ ಕಾಣುವ ದೊಡ್ಡ ನೀಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಆ ತಾಣದ ಮಟ್ಟಿಗೆ ಅದು ಸುಮ್ಮನಾಗುತ್ತದೆ, ಮುಂದೆಯೂ ಹಾಗೆಯೇ ನೆನಪಿಟ್ಟುಕೊಳ್ಳುತ್ತದೆ.

ಇನ್ನು, ಹಿರಿಯರ ಕಣ್ಣಿಗೆ ಆಯಾಸವಾಗುವುದಾದರೆ ಎಡ್ಜ್ ಬ್ರೌಸರಿನಲ್ಲಿ ಪುಟವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯವಿದೆ. ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಸಪ್ನಾ ಅಥವಾ ಗಗನ್ ಎಂಬ ಕನ್ನಡ ದನಿಯನ್ನು ಆರಿಸಿಕೊಂಡರೆ ಸಾಕು. ಕನ್ನಡ ಟೈಪಿಂಗಿಗೂ ಎಕ್ಸ್‌ಟೆನ್ಷನ್ ಬೇಡ. 2019ರ ಮೇ ನವೀಕರಣದಿಂದ ವಿಂಡೋಸ್ 10ರಲ್ಲೇ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆ ಇದೆ.

ಮರುಪ್ರತಿಕ್ರಿಯೆ: ಮಿಡಿಮನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂಬತ್ತು ಎಕ್ಸ್‌ಟೆನ್ಷನ್‌ಗಳನ್ನು ಅಳಿಸಿದ ಮೇಲೆ ಹುಡುಕಾಟ ಸರಿಯಾಯಿತು. ಸೂಚನೆ ಕಳಿಸಲು ಒಪ್ಪಿಗೆ ಪಡೆದಿದ್ದ 14 ಅಪರಿಚಿತ ತಾಣಗಳಿದ್ದವು. ತೆಗೆದ ಮೇಲೆ ಆ ವೈರಸ್ ಸೂಚನೆ ಮತ್ತೆ ಬಂದಿಲ್ಲ. ಅಪ್ಪಯ್ಯನ ಬ್ರೌಸಿಂಗನ್ನು ಫೈರ್‌ಫಾಕ್ಸಿಗೆ ಬದಲಾಯಿಸಿ ಯುಬ್ಲಾಕ್ ಒರಿಜಿನ್ ಮತ್ತು ಬಿಟ್‌ವಾರ್ಡನ್ ಹಾಕಿದ್ದೇನೆ. ಅವರು ಓದುವ ಮೂರು ಪತ್ರಿಕೆಗಳಿಗೆ ತಡೆಯನ್ನು ತೆರವು ಮಾಡಿದ್ದೇನೆ. ವರದಿಗಾರರ ಮಾತು ನ್ಯಾಯವಾದದ್ದು.

ಶೀರ್ಷಿಕೆಯಲ್ಲಿ ಅಕ್ಷರಬಳ್ಳಿ ಅವರು ಹೇಳಿದ್ದೇ ಕಾರಣ. ನೋಟೋ ಹಾಕಿ ನೋಡಿದ ಕೂಡಲೇ ‘ಅಪ್ಪೆ’ಯ ಒತ್ತೂ ‘ಉಪ್ಪಿನ’ ಒತ್ತೂ ಎರಡೂ ಕತ್ತರಿಸಿದಂತೆ ನನಗೂ ಕಂಡವು. 1.6ಕ್ಕೆ ಪೂರ್ತಿ ಕಾಣಲಿಲ್ಲ, 1.7 ಇಟ್ಟಿದ್ದೇನೆ. ಪುಟದ ಭಾಷೆ ಇಂಗ್ಲಿಷ್ ಎಂದೇ ಇತ್ತು, ಬದಲಿಸಿದೆ. ನಾನು ತಿಳಿ ಹಸಿರು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದ ಬೆಲೆಗಳೆಲ್ಲ ವೇವ್‌ನಲ್ಲಿ ಕೆಂಪಾಗಿ ಕಂಡವು. ಕಳೆದ ವರ್ಷ ಅಜ್ಜಿಯೊಬ್ಬರು ಬೆಲೆ ಎಲ್ಲಿದೆ ಎಂದು ಫೋನ್ ಮಾಡಿ ಕೇಳಿದ್ದು ಈಗ ಅರ್ಥವಾಯಿತು. ಹಿನ್ನೆಲೆಯನ್ನು ಕಡುಹಸಿರಿಗೆ ತಂದಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಅಪ್ಪಯ್ಯನ ಫೋನಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಷನ್ ಹಾಕುವ ದಾರಿಯೇ ಕಾಣುತ್ತಿಲ್ಲ. ಅಲ್ಲಿ ಏನು ಮಾಡಬೇಕು?

ಉತ್ತರ: ತುಂಗಾತೀರ

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿಗೆ ಅವಕಾಶವಿಲ್ಲ. ಪ್ಲೇ ಸ್ಟೋರಿನಿಂದ ಫೈರ್‌ಫಾಕ್ಸ್ ಹಾಕಿ, ಅದರ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ತೆರೆದರೆ ಯುಬ್ಲಾಕ್ ಒರಿಜಿನ್ ಸಿಗುತ್ತದೆ. ಪಾಸ್‌ವರ್ಡಿಗೆ ಬಿಟ್‌ವಾರ್ಡನ್‌ನ ಪ್ರತ್ಯೇಕ ಆ್ಯಪ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಟೋಫಿಲ್ ಸೇವೆಯಾಗಿ ಅದನ್ನೇ ಆರಿಸಿ. ಬಿಟ್‌ವಾರ್ಡನ್ನನ್ನೇ ತೆರೆಯುವ ಮುಖ್ಯ ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರಗಳ ಜೊತೆ ಬೀರುವಿನಲ್ಲಿಡಿ. ಅದನ್ನು ಮರೆತರೆ ಬಿಟ್‌ವಾರ್ಡನ್‌ನವರೂ ನಿಮ್ಮ ಖಾತೆಯನ್ನು ತೆರೆದುಕೊಡಲಾರರು.